ಗೆವುರ್ಟ್ಸ್‌ಟ್ರಮೀನರ್ ದ್ರಾಕ್ಷಿ: ಪದೇ ಪದೇ ಕೇಳುವ ಪ್ರಶ್ನೆಗಳು

ಒಮ್ಮೆ ಮೂಸಿದರೆ ಮರೆಯದ ದ್ರಾಕ್ಷಿ ಇದು. ಇಷ್ಟಪಡುವವರು ವಿಪರೀತ ಇಷ್ಟಪಡುತ್ತಾರೆ, ಆಗದವರು ಬಾಟಲಿ ಕಂಡರೇ ಮೂಗು ಮುರಿಯುತ್ತಾರೆ. ಆದರೆ ಇಬ್ಬರೂ ಕುಡಿದಿದ್ದು ಒಂದೇ ಥರದ ವೈನಾ ಅಂತ ವಿಚಾರಿಸಿದರೆ ಬಹಳ ಸಲ ಅಲ್ಲ. ಒಬ್ಬರ ಲೋಟದಲ್ಲಿದ್ದದ್ದು ಫ್ರಾನ್ಸಿನ ಅಲ್ಸೇಸ್ ಪ್ರದೇಶದ ಸಿಹಿ ವೈನ್, ಇನ್ನೊಬ್ಬರದ್ದು ಇಟಲಿಯ ಬೆಟ್ಟದ ಕಡೆಯ, ಸಿಹಿಯೇ ಇಲ್ಲದ ವೈನ್. ಈ ದ್ರಾಕ್ಷಿಯ ಮಟ್ಟಿಗೆ ಹೆಸರು ಅರ್ಧ ಕಥೆ ಮಾತ್ರ. ಎಲ್ಲಿ ಬೆಳೆಯಿತು, ಯಾವಾಗ ಕಿತ್ತರು, ಎಷ್ಟು ಸಕ್ಕರೆ ಉಳಿಸಿದರು, ಇವನ್ನು ಕೇಳಿಕೊಂಡರೆ ಉಳಿದರ್ಧ ಸಿಗುತ್ತದೆ. ಕೆಳಗಿನ ಪ್ರಶ್ನೆಗಳೆಲ್ಲ ಹೆಚ್ಚುಕಮ್ಮಿ ಅದರ ಸುತ್ತಲೇ ಇವೆ.

ಹೆಸರನ್ನು ಹೇಗೆ ಹೇಳೋದು?

ಗೆ-ವುರ್ಟ್ಸ್-ಟ್ರ-ಮೀ-ನರ್. ನಾಲಿಗೆ ತೊಡರಿದರೆ ಸುಮ್ನೆ ಗೆವುರ್ಟ್ಸ್ ಅನ್ನಿ, ವೈನ್ ಲೋಕದಲ್ಲಿ ಎಲ್ಲರೂ ಹಾಗೇ ಕರೆಯುತ್ತಾರೆ. ಇಲ್ಲೂ ಹಾಗೇ ಬರೆಯುತ್ತೇನೆ.

ಬಿಳಿ ವೈನ್ ಅಂತೀರಿ, ಫೋಟೋದಲ್ಲಿ ಹಣ್ಣು ಗುಲಾಬಿ ಬಣ್ಣ ಇದೆಯಲ್ಲ?

ಹೌದು, ಹಣ್ಣು ಬಿಳಿ ಅಲ್ಲ. ಬೆಳೆಯುವಾಗ ಹಸಿರೇ ಇರುತ್ತದೆ, ಹಣ್ಣಾಗುತ್ತಾ ಗುಲಾಬಿಗೆ, ಕೆಲವು ತೋಟಗಳಲ್ಲಿ ಕಂದು ಕೆಂಪಿಗೂ ತಿರುಗುತ್ತದೆ. ಕಟಾವಿನ ಹೊತ್ತಿಗೆ ಒಂದು ಗೊಂಚಲು ಹತ್ತಿರದಿಂದ ನೋಡಿ. ಅಂಗೈಯಲ್ಲಿ ಹಿಡಿಯುವಷ್ಟು ಸಣ್ಣದು, ಕಾಳುಗಳು ಒತ್ತೊತ್ತಾಗಿ ಕೂತಿರುತ್ತವೆ, ಬಿಸಿಲು ಬಿದ್ದ ಕಡೆ ಬಣ್ಣ ಗಾಢ, ನೆರಳಿನ ಕಡೆ ಇನ್ನೂ ಮಾಸಲು. ಸಿಪ್ಪೆ ದಪ್ಪ. ಒಂದು ಕಾಳು ಬಾಯಿಗೆ ಹಾಕಿ ರಸ ನುಂಗಿ ಸಿಪ್ಪೆಯನ್ನಷ್ಟೇ ಅಗಿದರೆ ಮೊದಲು ಗುಲಾಬಿಯ ಘಮ, ಆಮೇಲೆ ಸಣ್ಣ ಒಗರು. ವೈನ್‌ನಲ್ಲಿ ಸಿಗುವ ಒಳ್ಳೆಯದು ಕೆಟ್ಟದ್ದು ಎರಡರದ್ದೂ ಮೂಲ ಆ ಸಿಪ್ಪೆಯೇ.

ಒಳಗಿನ ರಸಕ್ಕೆ ಬಣ್ಣ ಇಲ್ಲ. ಹಿಂಡಿದ ತಕ್ಷಣ ಸಿಪ್ಪೆ ಬೇರೆ ಮಾಡಿಬಿಟ್ಟರೆ ಬಿಳಿ ವೈನ್ ಆಗುತ್ತದೆ. ಆದರೂ ಸ್ವಲ್ಪ ಬಣ್ಣ ಇಳಿದೇ ಇಳಿಯುತ್ತದೆ, ಅದಕ್ಕೇ ಗೆವುರ್ಟ್ಸ್ ಬೇರೆ ಬಿಳಿ ವೈನ್‌ಗಳಿಗಿಂತ ಗಾಢ ಬಂಗಾರದ ಬಣ್ಣಕ್ಕಿರುತ್ತದೆ, ಒಮ್ಮೊಮ್ಮೆ ತಾಮ್ರದ ಛಾಯೆಯೂ ಕಾಣುತ್ತದೆ. ವೈನ್ ಕೆಟ್ಟಿದೆಯಾ ಅಂತ ಗಾಬರಿ ಬೇಡ.

ಇಷ್ಟು ಘಮ ಎಲ್ಲಿಂದ ಬರುತ್ತದೆ? ಸೆಂಟ್ ಏನಾದರೂ ಬೆರೆಸುತ್ತಾರಾ?

ಇಲ್ಲ. ಈ ಅನುಮಾನ ಬರುವುದು ಸಹಜ, ಏಕೆಂದರೆ ಲೋಟ ಮೂಗಿಗೆ ಹತ್ತಿರ ತರುವ ಮೊದಲೇ ಲಿಚಿ ಹಣ್ಣು, ಗುಲಾಬಿ ಎಸಳು, ಅದರ ಹಿಂದೆ ಶುಂಠಿ, ಲವಂಗ, ಕಿತ್ತಳೆ ಸಿಪ್ಪೆ ಎಲ್ಲ ಒಟ್ಟಿಗೆ ನುಗ್ಗುತ್ತವೆ.

ಇದೆಲ್ಲ ಟರ್ಪೀನ್ ಅನ್ನುವ ಗುಂಪಿನ ರಾಸಾಯನಿಕಗಳ ಕೆಲಸ. ಜೆರಾನಿಯಾಲ್, ಸಿಟ್ರೊನೆಲ್ಲೋಲ್, ಲಿನಲೂಲ್ ಇವು ಮುಖ್ಯವಾದವು. ಗುಲಾಬಿ ಹೂವಿನಲ್ಲೂ ಇವೇ ಇರುತ್ತವೆ. ಲಿಚಿಯ ಗುಟ್ಟು ಸಿಸ್-ರೋಸ್ ಆಕ್ಸೈಡ್ ಅನ್ನುವ ವಸ್ತು. ಒಂದು ಲೀಟರಿನಲ್ಲಿ ಒಂದು ಮೈಕ್ರೋಗ್ರಾಂಗಿಂತ ಕಡಿಮೆ ಇದ್ದರೂ ಮೂಗು ಅದನ್ನು ಹಿಡಿಯುತ್ತದೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ 1999ರ ಸುಮಾರಿಗೆ ಲಿಚಿ ಹಣ್ಣನ್ನೂ ಗೆವುರ್ಟ್ಸ್ ವೈನನ್ನೂ ಪಕ್ಕಪಕ್ಕ ಇಟ್ಟು ಪರೀಕ್ಷೆ ಮಾಡಿದರು. ಎರಡರಲ್ಲೂ ಈ ರೋಸ್ ಆಕ್ಸೈಡ್ ಸೇರಿದಂತೆ ಹಲವು ಘಮದ ವಸ್ತುಗಳು ಒಂದೇ ಆಗಿದ್ದವು. ಅಂದರೆ ವೈನ್ ಲೇಖಕರು ಲಿಚಿ ಲಿಚಿ ಅಂತ ಬರೆಯುವುದು ಬರೀ ಕವಿತ್ವ ಅಲ್ಲ.

ಇದೇ ಬಳ್ಳಿಯ ಅಣ್ಣತಮ್ಮಂದಿರಿಗೆ ಈ ಘಮ ಯಾಕಿಲ್ಲ ಅಂದರೆ ಕಾರಣ ಜೀನಿನಲ್ಲಿದೆ. ಟರ್ಪೀನ್ ತಯಾರಾಗುವ ದಾರಿಯಲ್ಲಿ ಡಿಎಕ್ಸ್‌ಎಸ್ ಅನ್ನುವ ಜೀನ್ ಒಂದಿದೆ. ಗೆವುರ್ಟ್ಸ್‌ನಲ್ಲಿ ಅದರೊಳಗೆ ಒಂದು ಪುಟ್ಟ ಬದಲಾವಣೆ ಆಗಿದೆ, ಅದರಿಂದ ಟರ್ಪೀನ್ ಉತ್ಪಾದನೆ ಏರಿದೆ. ಮಸ್ಕಟ್ ದ್ರಾಕ್ಷಿಯಲ್ಲೂ ಅದೇ ಜೀನ್, ಆದರೆ ಬದಲಾಗಿರುವ ಜಾಗ ಬೇರೆ.

ಇನ್ನೊಂದು ವಿಷಯ. ಹಣ್ಣಿನಲ್ಲಿರುವ ಟರ್ಪೀನ್‌ನ ದೊಡ್ಡ ಪಾಲು ಸಕ್ಕರೆ ಅಣುವಿಗೆ ಕಟ್ಟಿಕೊಂಡಿರುತ್ತದೆ, ಹಾಗೆ ಕಟ್ಟಿಕೊಂಡಿರುವಾಗ ಅದಕ್ಕೆ ವಾಸನೆಯೇ ಇಲ್ಲ. ರಸ ಹುದುಗುವಾಗ, ಆಮೇಲೆ ವೈನ್ ಕೂತಲ್ಲೇ ಕೂತಿರುವಾಗ ಆ ಕಟ್ಟು ಸ್ವಲ್ಪ ಸ್ವಲ್ಪ ಬಿಚ್ಚಿಕೊಳ್ಳುತ್ತದೆ. ಕೆಲವರು ಅದಕ್ಕೆಂದೇ ಕಿಣ್ವ ಹಾಕಿ ಕೆಲಸ ಚುರುಕು ಮಾಡುತ್ತಾರೆ.

ಗೆವುರ್ಟ್ಸ್ ಅಂದರೆ ಸಿಹಿ ವೈನ್ ಅಲ್ವಾ?

ಅತಿ ಹೆಚ್ಚು ಬರುವ ಪ್ರಶ್ನೆ ಇದೇ. ಇರಬಹುದು, ಇಲ್ಲದೆಯೂ ಇರಬಹುದು.

ಮೂಗು ಇಲ್ಲಿ ಮೋಸ ಮಾಡುತ್ತದೆ. ಹಣ್ಣಿನ, ಹೂವಿನ ವಾಸನೆ ಬಂದರೆ ಸಿಹಿ ಇರಲೇಬೇಕು ಅಂತ ನಮ್ಮ ತಲೆ ಮೊದಲೇ ತೀರ್ಮಾನ ಮಾಡಿಬಿಡುತ್ತದೆ. ಅದರ ಮೇಲೆ ಈ ವೈನ್‌ನಲ್ಲಿ ಹುಳಿ ಕಡಿಮೆ, ಆಲ್ಕೋಹಾಲ್ ಜಾಸ್ತಿ, ಆಲ್ಕೋಹಾಲಿಗೂ ನಾಲಿಗೆ ಮೇಲೆ ಒಂದು ಬಗೆಯ ಸಿಹಿ ಇದೆ, ಹೀಗೆ ಎಲ್ಲ ಸೇರಿ ಸಕ್ಕರೆ ಇಲ್ಲದ ವೈನೂ ಸಿಹಿ ಅನ್ನಿಸುತ್ತದೆ. ಮೂಗು ಮುಚ್ಚಿಕೊಂಡು ಒಂದು ಗುಟುಕು ಕುಡಿದು ನೋಡಿ, ಗೊತ್ತಾಗುತ್ತದೆ.

ಇನ್ನು ನಿಜವಾದ ಸಿಹಿಯ ಮಾತು. ಹಣ್ಣಿನ ಸಕ್ಕರೆಯನ್ನು ಯೀಸ್ಟ್ ಪೂರ್ತಿ ತಿಂದು ಆಲ್ಕೋಹಾಲ್ ಮಾಡಿದರೆ ವೈನ್ ಡ್ರೈ. ನಡುವೆ ನಿಲ್ಲಿಸಿದರೆ ಸಿಹಿ ಉಳಿಯುತ್ತದೆ. ಗೆವುರ್ಟ್ಸ್‌ನಲ್ಲಿ ಸಕ್ಕರೆ ಎಷ್ಟು ಜಾಸ್ತಿ ಕೂಡುತ್ತದೆ ಅಂದರೆ, ಪೂರ್ತಿ ಹುದುಗಲು ಬಿಟ್ಟರೆ ಆಲ್ಕೋಹಾಲ್ 14 ಅಥವಾ 15 ಶೇಕಡಕ್ಕೆ ಹೋಗಿ ಗಂಟಲು ಸುಡುತ್ತದೆ. ಅದಕ್ಕೇ ಅನೇಕರು ಸ್ವಲ್ಪ ಸಕ್ಕರೆ ಉಳಿಸುತ್ತಾರೆ. ಒಳಗಿರುವ ಸಣ್ಣ ಕಹಿಯನ್ನೂ ಅದು ಮುಚ್ಚುತ್ತದೆ.

ಕೊಳ್ಳುವವರ ಪಾಡು ಹೇಳತೀರದು, ಏಕೆಂದರೆ ತುಂಬಾ ವರ್ಷ ಅಲ್ಸೇಸಿನ ಲೇಬಲ್ ಮೇಲೆ ಇದರ ಸುಳಿವೇ ಇರುತ್ತಿರಲಿಲ್ಲ. 2021ರ ಕಟಾವಿನಿಂದ ಅಲ್ಲಿ ಸಿಹಿಯ ಮಟ್ಟ ಬರೆಯುವುದು ಕಡ್ಡಾಯವಾಗಿದೆ. ಸೆಕ್ ಅಂದರೆ ಡ್ರೈ, ದೆಮಿ-ಸೆಕ್ ಅಂದರೆ ಅರೆ ಡ್ರೈ, ಮೊಯಲೋ ಅಂದರೆ ಸಿಹಿ, ದೂ ಅಂದರೆ ಪೂರಾ ಸಿಹಿ. ಲೀಟರಿಗೆ 12ರಿಂದ 45 ಗ್ರಾಂ ಸಕ್ಕರೆ ಇದ್ದರೆ ಮೊಯಲೋ, 45 ದಾಟಿದರೆ ದೂ. ಅಲ್ಸೇಸಿನ ಗೆವುರ್ಟ್ಸ್‌ನಲ್ಲಿ ಮೊಯಲೋ ಅನ್ನುವ ಪದ ತುಂಬಾನೇ ಸಿಗುತ್ತದೆ. ಹಳೆಯ ಬಾಟಲಿಯಾದರೆ ಆಲ್ಕೋಹಾಲ್ ಶೇಕಡ ನೋಡಿ. ಅದು 12.5 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಸಕ್ಕರೆ ಉಳಿದಿರುವ ಸಾಧ್ಯತೆ ಜಾಸ್ತಿ. ಪಕ್ಕಾ ನಿಯಮ ಅಲ್ಲ, ಒಂದು ಅಂದಾಜು ಅಷ್ಟೇ.

ಹುಳಿ ಯಾಕೆ ಇಷ್ಟು ಕಡಿಮೆ?

ಹಣ್ಣಿನ ಸ್ವಭಾವವೇ ಹಾಗೆ. ರೀಸ್ಲಿಂಗ್ ಅನ್ನುವ ಬಿಳಿ ದ್ರಾಕ್ಷಿ ಪೂರ್ತಿ ಹಣ್ಣಾದ ಮೇಲೂ ಹುಳಿ ಉಳಿಸಿಕೊಳ್ಳುತ್ತದೆ. ಗೆವುರ್ಟ್ಸ್‌ನಲ್ಲಿ ಒಂದು ಕಡೆ ಸಕ್ಕರೆ ಏರುತ್ತಿದ್ದರೆ ಇನ್ನೊಂದು ಕಡೆ ಹುಳಿ ಜಾರುತ್ತಿರುತ್ತದೆ. ತೊಂದರೆ ಏನೆಂದರೆ, ಘಮ ಬರುವುದು ಎಲ್ಲಕ್ಕಿಂತ ಕೊನೆಗೆ. ಬೇಗ ಕಿತ್ತರೆ ಹುಳಿ ಇರುತ್ತದೆ, ಘಮ ಇರುವುದಿಲ್ಲ, ಯಾವುದೋ ಸಾಧಾರಣ ಬಿಳಿ ವೈನ್ ಥರ ಆಗುತ್ತದೆ. ಕಾದರೆ ಘಮ ತುಂಬಿಕೊಳ್ಳುತ್ತದೆ, ಅಷ್ಟರಲ್ಲಿ ಹುಳಿ ಹೋಗಿ ವೈನ್ ಎಣ್ಣೆ ಎಣ್ಣೆಯಾಗಿ, ಭಾರವಾಗಿ ಕೂರುತ್ತದೆ. ಈ ಎರಡರ ನಡುವೆ ಸಿಗುವ ಕೆಲವೇ ದಿನಗಳಲ್ಲಿ ಕಿತ್ತು ಮುಗಿಸಬೇಕು. ಒಳ್ಳೆಯ ಬೆಳೆಗಾರರು ಆ ಹೊತ್ತಿನಲ್ಲಿ ಯಂತ್ರದ ಅಂಕಿಗಿಂತ ತಮ್ಮ ನಾಲಿಗೆಯನ್ನು ನಂಬಿ, ಸಾಲುಗಳ ನಡುವೆ ಓಡಾಡುತ್ತಾ ಹಣ್ಣು ತಿಂದು ನೋಡುತ್ತಿರುತ್ತಾರೆ.

ಇದಕ್ಕೇ ತಂಪು ಜಾಗ ಬೇಕು ಅನ್ನುವುದು. ರಾತ್ರಿ ತಂಪಿದ್ದರೆ ಹುಳಿ ನಿಧಾನವಾಗಿ ಇಳಿಯುತ್ತದೆ, ಹಗಲಿನ ಬಿಸಿಲಿಗೆ ಘಮ ಬೆಳೆಯಲು ಸಮಯ ಸಿಗುತ್ತದೆ. ಇಲ್ಲಿಂದ ಮುಂದೆ ಊರುಗಳ ವಿಷಯ ಬಂದಾಗಲೆಲ್ಲ ಇದನ್ನು ನೆನಪಿಟ್ಟುಕೊಂಡರೆ ಸಾಕು, ಯಾವ ಊರು ಯಾಕೆ ಅಂತ ನಿಮಗೇ ಹೊಳೆಯುತ್ತದೆ.

ಕೊನೆಯಲ್ಲಿ ನಾಲಿಗೆ ಮೇಲೆ ಕಹಿ ಉಳಿಯುತ್ತದೆ, ವೈನ್ ಹಾಳಾಗಿದೆಯಾ?

ಹಾಳಾಗಿಲ್ಲ. ಸಿಪ್ಪೆಯಲ್ಲಿರುವ ಫೀನಾಲ್ ಅನ್ನುವ ಒಗರು ವಸ್ತುಗಳಿಂದ ಬರುವ ಕಹಿ ಅದು. ಸಿಪ್ಪೆ ದಪ್ಪ, ಬಣ್ಣ ಇದೆ, ಘಮವೂ ಅದರಲ್ಲೇ ಇದೆ, ಹಾಗಾಗಿ ಘಮ ಬೇಕು ಅಂತ ರಸದ ಜೊತೆ ಸಿಪ್ಪೆಯನ್ನು ಹೆಚ್ಚು ಹೊತ್ತು ಬಿಟ್ಟರೆ ಕಹಿಯೂ ಬರುತ್ತದೆ. ಮೃದುವಾಗಿ ಹಿಂಡಬೇಕು, ಹೊತ್ತು ನೋಡಿ ಬೇರೆ ಮಾಡಬೇಕು. ಒಂದು ಹದದಲ್ಲಿದ್ದರೆ ಆ ಕಹಿ ಹುಳಿಯ ಕೊರತೆಯನ್ನು ತುಂಬಿ ವೈನ್‌ಗೆ ಒಂದು ಬಿಗಿ ಕೊಡುತ್ತದೆ. ಹದ ಮೀರಿದರೆ ಸಹಿಸುವುದು ಕಷ್ಟ.

ಬೆಳೆಯುವುದು ಕಷ್ಟನಾ?

ಕಷ್ಟವೇ. ಬೇಗ ಚಿಗುರುತ್ತದೆ, ವಸಂತದಲ್ಲಿ ಒಂದು ರಾತ್ರಿ ಹಿಮ ಬಿದ್ದರೆ ಚಿಗುರು ಸುಟ್ಟುಹೋಗುತ್ತದೆ. ಹೂ ಬಿಡುವಾಗ ಚಳಿ ಮಳೆ ಆದರೆ ಹೂ ಉದುರಿ ಕಾಳು ಕಟ್ಟುವುದಿಲ್ಲ. ವೈರಸ್ ರೋಗಗಳಿಗೂ ಬೇಗ ತುತ್ತಾಗುತ್ತದೆ. ಬಳ್ಳಿ ಮಾತ್ರ ಸೊಂಪಾಗಿ ಹಬ್ಬುತ್ತದೆ, ಎಲೆ ಜಾಸ್ತಿ, ಗೊಂಚಲು ಸಣ್ಣ, ಇಳುವರಿ ಕಮ್ಮಿ. ರುಚಿಯ ದೃಷ್ಟಿಯಿಂದ ಇಳುವರಿ ಕಮ್ಮಿ ಇರುವುದೇ ಒಳ್ಳೆಯದು ಅನ್ನಿ, ಆದರೆ ಬೆಳೆಗಾರನ ಲೆಕ್ಕದ ಪುಸ್ತಕಕ್ಕೆ ಅದು ಸಮಾಧಾನ ಅಲ್ಲ.

ಮಣ್ಣಿನ ವಿಚಾರದಲ್ಲಿ ತೇವ ಹಿಡಿದಿಡುವ ಜೇಡಿಮಣ್ಣು, ಅದರಲ್ಲೂ ಸುಣ್ಣಕಲ್ಲು ಬೆರೆತ ಜೇಡಿ ಇದಕ್ಕೆ ಹೊಂದುತ್ತದೆ. ಅಲ್ಸೇಸಿನಲ್ಲಿ ಗ್ರಾನೈಟ್ ಇಳಿಜಾರನ್ನು ರೀಸ್ಲಿಂಗ್‌ಗೆ ಬಿಟ್ಟು, ಜೇಡಿ ಇರುವ ಕಡೆ ಗೆವುರ್ಟ್ಸ್ ಹಾಕುವುದು ಹಳೆಯ ವಾಡಿಕೆ.

ಇದರ ಮೂಲ ಯಾವ ಊರು?

ಹೆಸರಿನಲ್ಲಿರುವ ಟ್ರಮೀನ್ ಇಟಲಿಯ ಉತ್ತರ ತುದಿಯ ದಕ್ಷಿಣ ಟಿರೋಲ್ ಪ್ರಾಂತ್ಯದ ಒಂದು ಹಳ್ಳಿ. ಇಟಾಲಿಯನ್ ಹೆಸರು ತೆರ್ಮೆನೊ. ಮೊದಲ ಮಹಾಯುದ್ಧದ ತನಕ ಆಸ್ಟ್ರಿಯಾದ ಕೈಯಲ್ಲಿದ್ದ ಪ್ರದೇಶ ಅದು, ಇವತ್ತಿಗೂ ಅಲ್ಲಿನವರ ಮನೆಮಾತು ಜರ್ಮನ್. ಮಧ್ಯಯುಗದಲ್ಲಿ ಅಲ್ಲಿನ ವೈನ್‌ಗೆ ದೊಡ್ಡ ಹೆಸರಿತ್ತು. ಊರಿನವರು ದ್ರಾಕ್ಷಿ ನಮ್ಮದೇ ಅನ್ನುತ್ತಾರೆ.

ಜೀನ್ ಪರೀಕ್ಷೆ ಹೇಳುವ ಕಥೆ ಸ್ವಲ್ಪ ಬೇರೆ. ಗೆವುರ್ಟ್ಸ್ ಒಂದು ಸ್ವತಂತ್ರ ತಳಿ ಅಲ್ಲ, ಸವಾಗ್ನಾನ್ ಅನ್ನುವ ಹಳೆಯ ದ್ರಾಕ್ಷಿಯ ರೂಪಾಂತರ. ಮೊದಲು ಹಸಿರು ಸಿಪ್ಪೆಯ, ಘಮವಿಲ್ಲದ ಸವಾಗ್ನಾನ್. ಅದರ ಯಾವುದೋ ಬಳ್ಳಿಯಲ್ಲಿ ಸಿಪ್ಪೆ ಗುಲಾಬಿಯಾಯಿತು. ಆ ಗುಲಾಬಿಯ ಯಾವುದೋ ಬಳ್ಳಿಯಲ್ಲಿ ಘಮ ಹುಟ್ಟಿತು. ಅದೇ ಗೆವುರ್ಟ್ಸ್. ಸವಾಗ್ನಾನ್ ಹುಟ್ಟಿದ್ದು ಬಹುಶಃ ಫ್ರಾನ್ಸಿನ ಈಶಾನ್ಯ ಭಾಗ, ಜರ್ಮನಿಯ ನೈರುತ್ಯ ಭಾಗ ಕೂಡುವ ಕಡೆ ಅನ್ನುವುದು ತಜ್ಞರ ಅಂದಾಜು. ಟ್ರಮೀನ್‌ನವರ ಮುಂದೆ ಇದನ್ನು ಹೇಳುವಾಗ ಸ್ವಲ್ಪ ದನಿ ತಗ್ಗಿಸುವುದು ಕ್ಷೇಮ.

ಸವಾಗ್ನಾನ್ ಎಷ್ಟು ಹಳೆಯದು ಅಂದರೆ, ಫ್ರಾನ್ಸಿನ ಓರ್ಲಿಯಾಂ ಪಟ್ಟಣದಲ್ಲಿ ಅಗೆತದಲ್ಲಿ ಸಿಕ್ಕ ಸುಮಾರು 900 ವರ್ಷ ಹಳೆಯ ದ್ರಾಕ್ಷಿ ಬೀಜವೊಂದು ಇವತ್ತಿನ ಸವಾಗ್ನಾನ್ ಜೊತೆ ಚಾಚೂ ತಪ್ಪದೆ ಹೊಂದಿತು. 2019ರಲ್ಲಿ ಇದು ಪ್ರಕಟವಾಯಿತು. ಅಂದರೆ ಒಂಬತ್ತು ಶತಮಾನ ಬೀಜದಿಂದಲ್ಲ, ಕಡ್ಡಿ ನೆಟ್ಟು ನೆಟ್ಟೇ ಅದನ್ನು ಉಳಿಸಿಕೊಂಡು ಬಂದಿದ್ದಾರೆ. ಇದರ ಸಂತಾನವೂ ದೊಡ್ಡದು. ಸೋವಿನ್ಯೋಂ ಬ್ಲಾಂ, ಶೆನಾಂ ಬ್ಲಾಂ, ಗ್ರ್ಯೂನರ್ ವೆಲ್ಟ್‌ಲೀನರ್, ಸಿಲ್ವಾನರ್ ಎಲ್ಲಕ್ಕೂ ಸವಾಗ್ನಾನ್ ಹೆತ್ತ ಬಳ್ಳಿ.

ಅಲ್ಸೇಸ್ ಬಗ್ಗೆ ಎಲ್ಲರೂ ಮಾತಾಡುತ್ತಾರೆ, ಅಲ್ಲಿ ಏನು ವಿಶೇಷ?

ಅಲ್ಸೇಸ್ ಫ್ರಾನ್ಸಿನ ಪೂರ್ವ ಅಂಚು. ಪಕ್ಕದಲ್ಲಿ ರೈನ್ ನದಿ, ಆಚೆ ದಡ ಜರ್ಮನಿ. ಜಗತ್ತಿನಲ್ಲಿ ಅತಿ ಹೆಚ್ಚು ಹೆಸರು ಮಾಡಿದ ಗೆವುರ್ಟ್ಸ್ ಇಲ್ಲಿಯದೇ, ಸುಮಾರು 3,000 ಹೆಕ್ಟೇರ್‌ನಲ್ಲಿ ಬೆಳೆಯುತ್ತಾರೆ.

ಜಾಗ ನೋಡಿ. ಪಶ್ಚಿಮಕ್ಕೆ ವೋಜ್ ಬೆಟ್ಟಸಾಲು, ಅದರ ತುದಿ 1,424 ಮೀಟರ್. ಅಟ್ಲಾಂಟಿಕ್ ಕಡೆಯಿಂದ ಬರುವ ಮೋಡಗಳು ಬೆಟ್ಟದ ಆಚೆ ಮಗ್ಗುಲಲ್ಲೇ ಮಳೆ ಸುರಿಸಿ ಖಾಲಿಯಾಗುತ್ತವೆ. ಈಚೆಗಿರುವ ಕೋಲ್ಮಾರ್ ಫ್ರಾನ್ಸಿನಲ್ಲೇ ಅತಿ ಕಡಿಮೆ ಮಳೆ ಬೀಳುವ ಪಟ್ಟಣಗಳಲ್ಲಿ ಒಂದು. ಉತ್ತರದ ಊರು, ಆದರೂ ಶರತ್ಕಾಲ ಒಣಗಿದ್ದು, ಬಿಸಿಲು ತುಂಬಾ ದಿನ ಇರುತ್ತದೆ. ಘಮ ಕೊನೆಗೆ ಬರುವ ದ್ರಾಕ್ಷಿಗೆ ಬೇಕಾದದ್ದು ಇದೇ ಅಲ್ವಾ, ಮಳೆಯ ಹೆದರಿಕೆ ಇಲ್ಲದೆ ಕಾಯುವ ಅವಕಾಶ.

ಅಲ್ಲಿ 51 ತೋಟದ ಇಳಿಜಾರುಗಳಿಗೆ ಗ್ರಾಂ ಕ್ರೂ ಅನ್ನುವ ಪದವಿ ಇದೆ. 1975ರಲ್ಲಿ ಶುರುವಾದ ಪಟ್ಟಿಗೆ ಕೊನೆಯದು ಸೇರಿದ್ದು 2007ರಲ್ಲಿ. ಆ ಹೆಸರಿನಲ್ಲಿ ಬಹುಪಾಲು ನಾಲ್ಕೇ ಬಿಳಿ ದ್ರಾಕ್ಷಿಗೆ ಮರ್ಯಾದೆ: ರೀಸ್ಲಿಂಗ್, ಪಿನೋ ಗ್ರೀ, ಮಸ್ಕಟ್, ಗೆವುರ್ಟ್ಸ್. ಗೆವುರ್ಟ್ಸ್‌ಗೆ ಹೆಸರಾದವು ವಿಂಟ್ಸನ್‌ಹೈಮ್ ಊರಿನ ಹೆಂಗ್‌ಸ್ಟ್, ಗುಬರ್ಶ್‌ವೀರ್ ಊರಿನ ಗೋಲ್ಡರ್ಟ್, ರಿಕ್‌ವೀರ್ ಊರಿನ ಸ್ಪೋರೆನ್, ದಕ್ಷಿಣದ ಜಿನ್‌ಕಪ್ಫ್ಲೆ. ಹೆಂಗ್‌ಸ್ಟ್ ವೈನ್ ಚಿಕ್ಕಂದಿನಲ್ಲಿ ಒರಟು, ಮೈ ತುಂಬಿಕೊಂಡಿರುತ್ತದೆ. ನನ್ನ ಮೆಚ್ಚಿನದು ಅದೇ, ಏಕೆಂದರೆ ಬರೀ ಗುಲಾಬಿ ವಾಸನೆಗೆ ನಿಲ್ಲದೆ ಕೆಳಗೆ ಒಂದು ಗಟ್ಟಿ ನೆಲ ಇದೆ ಅನ್ನಿಸುತ್ತದೆ. ಕೊನೆಗೆ ಸೇರಿದ ಕೇಫರ್‌ಕಾಪ್ಫ್ ಒಂದು ಅಪವಾದ. ಅಲ್ಲಿ ಗೆವುರ್ಟ್ಸ್ ಪಾಲು ಹೆಚ್ಚಿರುವ ಮಿಶ್ರಣಕ್ಕೂ ಒಪ್ಪಿಗೆ ಇದೆ.

ಒಂದು ದೂರು ಹೇಳಲೇಬೇಕು. ಅಲ್ಸೇಸಿನ ಅಗ್ಗದ ಗೆವುರ್ಟ್ಸ್ ತುಂಬಾ ಸಲ ಸುಮ್ನೆ ಸಿಹಿ, ಸುಮ್ನೆ ಘಮ, ನಡುವೆ ಏನೂ ಇಲ್ಲ. ಅಂಥ ಒಂದು ಬಾಟಲಿ ಕುಡಿದು ದ್ರಾಕ್ಷಿಯನ್ನೇ ಬೈಯುವವರು ಬಹಳ ಜನ.

ಲೇಬಲ್ ಮೇಲೆ ವಾಂದಾಂಜ್ ತಾರ್ದೀವ್ ಅಂತ ಇದೆ, ಏನದು?

ತಡವಾಗಿ ಕಿತ್ತ ಹಣ್ಣಿನ ವೈನ್. ಹಣ್ಣು ಬಳ್ಳಿಯಲ್ಲೇ ಬಾಡಿ ಸಕ್ಕರೆ ಗಟ್ಟಿಯಾಗುವ ತನಕ ಬಿಡುತ್ತಾರೆ. ಅದಕ್ಕಿಂತ ಒಂದು ಮೆಟ್ಟಿಲು ಮೇಲಿರುವುದು ಸೆಲೆಕ್ಸಿಯೋಂ ದ ಗ್ರ್ಯಾಂ ನೋಬ್ಲ್. ಬೊಟ್ರೈಟಿಸ್ ಅನ್ನುವ ಬೂಷ್ಟು ಹಿಡಿದ ಕಾಳುಗಳನ್ನೇ ಆರಿಸಿ ಆರಿಸಿ ಕಿತ್ತು ಮಾಡುವ ವೈನ್ ಅದು. ಎರಡಕ್ಕೂ 1984ರಲ್ಲಿ ಕಾನೂನು ಬಂತು. ಕಿತ್ತ ಹಣ್ಣಿನಲ್ಲಿ ಸಕ್ಕರೆ ಇಷ್ಟಿರಬೇಕು ಅನ್ನುವ ಷರತ್ತಿದೆ.

ಬೂಷ್ಟು ಹೆಚ್ಚಾದರೆ ಟರ್ಪೀನ್‌ಗಳು ಒಡೆದು ಗುಲಾಬಿ ಘಮ ಕರಗುತ್ತದೆ. ಅದರ ಜಾಗಕ್ಕೆ ಜೇನು, ಒಣ ಏಪ್ರಿಕಾಟ್, ಬೇಯಿಸಿದ ಸಕ್ಕರೆಯ ವಾಸನೆ ಬರುತ್ತದೆ. ದ್ರಾಕ್ಷಿಯ ಗುರುತು ಬೇಕು ಅನ್ನುವವರಿಗೆ ವಾಂದಾಂಜ್ ತಾರ್ದೀವ್ ಸಾಕು. ದುಬಾರಿ ಮೆಟ್ಟಿಲು ಹತ್ತಲೇಬೇಕು ಅಂತೇನಿಲ್ಲ.

ದಕ್ಷಿಣ ಟಿರೋಲ್‌ನ ಗೆವುರ್ಟ್ಸ್ ಬೇರೆ ಥರ ಅಂತಾರೆ, ನಿಜನಾ?

ನಿಜ. ಟ್ರಮೀನ್ ಸುತ್ತಮುತ್ತ, ಕಾಲ್ಟರನ್ ಸರೋವರದ ಮೇಲಿನ ಇಳಿಜಾರುಗಳಲ್ಲಿ ಸುಮಾರು 300ರಿಂದ 500 ಮೀಟರ್ ಎತ್ತರದಲ್ಲಿ ಬೆಳೆಯುತ್ತಾರೆ. ಹಗಲು ಒಳ್ಳೆ ಬಿಸಿಲು. ಮಧ್ಯಾಹ್ನದ ಮೇಲೆ ದಕ್ಷಿಣದ ಗಾರ್ದಾ ಸರೋವರದ ಕಡೆಯಿಂದ ಓರಾ ಅನ್ನುವ ಗಾಳಿ ಬೀಸಿ ಗೊಂಚಲುಗಳನ್ನು ಒಣಗಿಸುತ್ತದೆ. ರಾತ್ರಿ ಬೆಟ್ಟದಿಂದ ತಂಪು ಗಾಳಿ ಇಳಿಯುತ್ತದೆ. ಹೀಗಾಗಿ ಹುಳಿ ಸ್ವಲ್ಪ ಜಾಸ್ತಿ ಉಳಿಯುತ್ತದೆ.

ಇಲ್ಲಿನವರು ಹೆಚ್ಚಾಗಿ ಡ್ರೈ ಮಾಡುತ್ತಾರೆ. ಘಮ ಅಷ್ಟೇ ಇರುತ್ತದೆ, ಆದರೆ ಬಾಯಲ್ಲಿ ಸಿಹಿ ಇಲ್ಲ, ಕೊನೆಗೆ ಉಪ್ಪು ಉಪ್ಪಾದ, ಚೂರು ಕಹಿಯಾದ ರುಚಿ ನಿಲ್ಲುತ್ತದೆ. ಗೆವುರ್ಟ್ಸ್ ಅಂದರೆ ಸಿಹಿ, ನನಗಾಗದು ಅನ್ನುವವರಿಗೆ ನಾನು ಮೊದಲು ತೋರಿಸುವುದು ಈ ಕಡೆಯ ಬಾಟಲಿಯನ್ನೇ. ಆಲ್ಕೋಹಾಲ್ ಮಾತ್ರ ಗಮನದಲ್ಲಿರಲಿ, 14ರಿಂದ 15 ಇಲ್ಲಿ ಮಾಮೂಲು.

ಜರ್ಮನಿ, ಆಸ್ಟ್ರಿಯಾದಲ್ಲಿ ಬೆಳೆಯುವುದಿಲ್ಲವಾ?

ಬೆಳೆಯುತ್ತಾರೆ, ರೀಸ್ಲಿಂಗ್ ನೆರಳಲ್ಲಿ. ಜರ್ಮನಿಯಲ್ಲಿ ಬಾಡೆನ್, ಫಾಲ್ಟ್ಸ್, ರೈನ್‌ಹೆಸೆನ್ ಮುಖ್ಯ. ಅಲ್ಸೇಸಿಗಿಂತ ಹಗುರ, ಘಮ ಮೆಲ್ಲಗೆ. ಫಾಲ್ಟ್ಸ್‌ನ ರೋಟ್ ಅನ್ನುವ ಹಳ್ಳಿಯಲ್ಲಿ ಸುಮಾರು 400 ವರ್ಷ ಹಳೆಯದು ಅನ್ನುವ ಟ್ರಮೀನರ್ ಬಳ್ಳಿಗಳಿವೆ, ಇನ್ನೂ ಹಣ್ಣು ಬಿಡುತ್ತವೆ. ಹದಿನೇಳನೇ ಶತಮಾನದ ಮೂವತ್ತು ವರ್ಷದ ಯುದ್ಧ ದಾಟಿ ಬಂದವು ಅಂತ ಊರಿನವರಿಗೆ ಹೆಮ್ಮೆ.

ಆಸ್ಟ್ರಿಯಾದಲ್ಲಿ ಸ್ಟೈರಿಯಾ ಪ್ರಾಂತ್ಯದ ಕ್ಲೋಖ್ ಊರು. ಅಲ್ಲಿನ ನೆಲ ಹಳೆಯ ಜ್ವಾಲಾಮುಖಿಯ ಬಸಾಲ್ಟ್, ಊರಿನ ಗುರುತೇ ಟ್ರಮೀನರ್.

ಪೂರ್ವ ಯುರೋಪಿನಲ್ಲಿ?

ಎಲ್ಲ ಕಡೆ ಇದೆ, ಹೆಸರು ಮಾತ್ರ ಬದಲು. ಹಂಗೆರಿಯಲ್ಲಿ ಟ್ರಾಮಿನಿ, ಸ್ಲೊವೇನಿಯಾದಲ್ಲಿ ಟ್ರಾಮಿನೆಟ್ಸ್, ಚೆಕ್ ಗಣರಾಜ್ಯದಲ್ಲಿ ಟ್ರಾಮೀನ್ ಚೆರ್ವೆನೀ, ಕ್ರೊಯೇಷಿಯಾದಲ್ಲಿ ಟ್ರಾಮಿನಾಟ್ಸ್. ಡ್ಯಾನ್ಯೂಬ್ ದಡದ ಇಲೋಕ್ ಅನ್ನುವ ಕ್ರೊಯೇಷಿಯನ್ ಊರಿನವರಿಗೆ ಹೇಳಿಕೊಳ್ಳಲು ಒಂದು ಕಥೆ ಇದೆ. 1953ರಲ್ಲಿ ಎರಡನೇ ಎಲಿಜಬೆತ್ ರಾಣಿಯ ಪಟ್ಟಾಭಿಷೇಕಕ್ಕೆ ತಮ್ಮ ನೆಲಮಾಳಿಗೆಯ ಟ್ರಾಮಿನಾಟ್ಸ್ ಹೋಗಿತ್ತು ಅಂತ ಬಂದವರಿಗೆಲ್ಲ ಹೇಳುತ್ತಾರೆ. ಮೊಲ್ಡೋವಾ, ರೊಮೇನಿಯಾದಲ್ಲೂ ತೋಟಗಳಿವೆ.

ಯುರೋಪ್ ಬಿಟ್ಟು ಬೇರೆ ಎಲ್ಲಿ?

ಎಲ್ಲಿ ತಂಪಿದೆಯೋ ಅಲ್ಲಿ. ಅಮೆರಿಕದಲ್ಲಿ ಕ್ಯಾಲಿಫೋರ್ನಿಯಾ ಅಂದರೆ ಬಿಸಿಲು ಅಂದುಕೊಳ್ಳುತ್ತೇವೆ, ಆದರೆ ಮೆಂಡಸಿನೋ ಕೌಂಟಿಯ ಆಂಡರ್ಸನ್ ಕಣಿವೆಗೆ ಪೆಸಿಫಿಕ್ ಸಾಗರದಿಂದ ಮಂಜು ಒಳನುಗ್ಗುತ್ತದೆ. ಬೆಳಿಗ್ಗೆ ಹತ್ತಿರದ ಸಾಲೂ ಕಾಣದ ಹಾಗೆ ಮುಸುಕಿರುತ್ತದೆ, ಮಧ್ಯಾಹ್ನಕ್ಕೆ ಬಿಸಿಲು. ಅಲ್ಲಿನ ಡ್ರೈ ಗೆವುರ್ಟ್ಸ್‌ಗೆ ಅಭಿಮಾನಿಗಳಿದ್ದಾರೆ. ನ್ಯೂಯಾರ್ಕ್ ರಾಜ್ಯದ ಫಿಂಗರ್ ಲೇಕ್ಸ್‌ನಲ್ಲಿ ಆಳವಾದ ಸರೋವರಗಳು ಚಳಿಗಾಲದಲ್ಲಿ ಬಿಸಿ ಬಿಟ್ಟುಕೊಡುತ್ತವೆ, ಅದರಿಂದಲೇ ಬಳ್ಳಿ ಬದುಕುತ್ತದೆ. ವಾಷಿಂಗ್ಟನ್, ಒರೆಗಾನ್, ಮಿಷಿಗನ್ ರಾಜ್ಯಗಳಲ್ಲೂ, ಕೆನಡಾದ ಓಕನಾಗನ್ ಕಣಿವೆಯಲ್ಲೂ ಇದೆ.

ನ್ಯೂಜಿಲೆಂಡ್‌ನಲ್ಲಿ ಗಿಸ್ಬೋರ್ನ್ ಇದಕ್ಕೆ ಹಳೆಯ ಜಾಗ, ಮಾರ್ಲ್‌ಬರೋ ಮತ್ತು ಸೆಂಟ್ರಲ್ ಒಟಾಗೋದಲ್ಲೂ ಮಾಡುತ್ತಾರೆ. ಸೋವಿನ್ಯೋಂ ಬ್ಲಾಂ ಭರಾಟೆಯಲ್ಲಿ ಇದು ಮೂಲೆಗೆ ಸರಿದಿದೆ, ಆದರೆ ಅಲ್ಲಿನವು ಸ್ವಚ್ಛ ರುಚಿಯ ವೈನ್‌ಗಳು. ಆಸ್ಟ್ರೇಲಿಯಾದಲ್ಲಿ ಟಾಸ್ಮೇನಿಯಾ, ಈಡನ್ ಕಣಿವೆ, ಅಡಿಲೇಡ್ ಹಿಲ್ಸ್. ಚಿಲಿಯಲ್ಲಿ ದಕ್ಷಿಣದ ಬಿಯೋಬಿಯೋ. ಸ್ಪೇನಿನಲ್ಲಿ ಪಿರನೀಸ್ ಬೆಟ್ಟಗಳ ಬುಡದ ಸೊಮೊಂತಾನೊ.

ಬಿಸಿ ಪ್ರದೇಶದಲ್ಲಿ ಬೆಳೆಯಲು ಆಗುವುದೇ ಇಲ್ಲವಾ?

ಬಳ್ಳಿ ಬೆಳೆಯುತ್ತದೆ, ವೈನ್ ಕೂಡ ಆಗುತ್ತದೆ. ಆದರೆ ಘಮ ಬರುವ ಮೊದಲೇ ಸಕ್ಕರೆ ತುಂಬಿ ಹುಳಿ ಮಾಯವಾಗುತ್ತದೆ. ಆಮೇಲೆ ಹುಳಿ ಬೆರೆಸಿ ಸರಿ ಮಾಡುತ್ತಾರೆ, ಅದು ನಾಲಿಗೆ ಮೇಲೆ ಬೇರೆಯಾಗಿಯೇ ನಿಲ್ಲುತ್ತದೆ. ಎತ್ತರದ ಜಾಗ ಸಿಕ್ಕರೆ ಮಾತು ಬೇರೆ. ಗೋಲನ್ ಬೆಟ್ಟಗಳಲ್ಲಿ ಹಾಗೆ ಎತ್ತರದಲ್ಲೇ ಬೆಳೆಯುತ್ತಾರೆ.

ಟ್ರಮೀನರ್, ಸವಾಗ್ನಾನ್, ಮಸ್ಕಟ್... ಎಲ್ಲ ಒಂದೇನಾ?

ಮಸ್ಕಟ್ ಬೇರೆಯದೇ ಕುಟುಂಬ. ಘಮದಲ್ಲಿ ಹೋಲಿಕೆ ಇದೆ, ಆದರೆ ಮಸ್ಕಟ್ ಹಸಿ ದ್ರಾಕ್ಷಿಯ ಥರವೇ ವಾಸನೆ ಬರುವ ವೈನ್, ಲಿಚಿ ಅಲ್ಲಿ ಇಷ್ಟಿಲ್ಲ.

ಟ್ರಮೀನರ್ ಅನ್ನುವ ಪದವನ್ನು ಒಂದೊಂದು ದೇಶದಲ್ಲಿ ಒಂದೊಂದು ರೀತಿ ಬಳಸುತ್ತಾರೆ. ಕೆಲವು ಕಡೆ ಅದು ಗೆವುರ್ಟ್ಸ್‌ನ ಇನ್ನೊಂದು ಹೆಸರು, ಕೆಲವು ಕಡೆ ಘಮ ಕಡಿಮೆ ಇರುವ ಅಣ್ಣತಮ್ಮ. ಅಲ್ಸೇಸ್ 1973ರಲ್ಲಿ ಟ್ರಮೀನರ್ ಹೆಸರನ್ನೇ ಕೈಬಿಟ್ಟಿತು. ಘಮವಿಲ್ಲದ ಹಸಿರು ಸವಾಗ್ನಾನ್ ಫ್ರಾನ್ಸಿನ ಜ್ಯೂರಾದಲ್ಲಿ ವ್ಯಾಂ ಜೋನ್ ಅನ್ನುವ, ವರ್ಷಗಟ್ಟಲೆ ಪೀಪಾಯಿಯಲ್ಲಿ ಕೂರುವ ವೈನ್ ಆಗುತ್ತದೆ. ಸ್ವಿಟ್ಜರ್ಲೆಂಡಿನ ಫಿಸ್ಪರ್‌ಟರ್ಮಿನನ್‌ನಲ್ಲಿ ಸುಮಾರು 1,100 ಮೀಟರ್ ಎತ್ತರದ ತನಕ ಅದೇ ಬಳ್ಳಿ ಹೈಡಾ ಅನ್ನುವ ಹೆಸರಲ್ಲಿದೆ. ಆಸ್ಟ್ರೇಲಿಯಾದವರು ಸ್ಪೇನಿನ ಆಲ್ಬರೀನ್ಯೋ ಅಂತ ನೆಟ್ಟು ಮಾರಿದ್ದು ಕೊನೆಗೆ ಸವಾಗ್ನಾನ್ ಅಂತ 2009ರ ಹೊತ್ತಿಗೆ ಬಯಲಾಯಿತು. ಲೇಬಲ್‌ಗಳನ್ನೆಲ್ಲ ಬದಲಿಸಬೇಕಾಯಿತು, ಪಾಪ.

ಇದರಿಂದ ಹೊಸ ತಳಿ ಮಾಡಿದ್ದಾರಾ?

ಬೇಕಾದಷ್ಟು. ಜರ್ಮನಿಯ ಗೇಯೊರ್ಗ್ ಶೊಯ್ 1929ರಲ್ಲಿ ಮಾಡಿದ ಸೀಗರ್‌ರೇಬೆ, ಅಮೆರಿಕದ ಹೆರಾಲ್ಡ್ ಓಲ್ಮೊ ಮಾಡಿದ ಫ್ಲೋರಾ, ಹಂಗೆರಿಯ ಚೆರ್ಸೆಗಿ ಫ್ಯೂಸೆರೆಶ್. ಕಡು ಚಳಿ ತಡೆಯುವ ಟ್ರಮಿನೆಟ್ 1996ರಲ್ಲಿ ಬಂತು, ಅಮೆರಿಕದ ಇಂಡಿಯಾನಾ ರಾಜ್ಯದಲ್ಲಿ ಅದಕ್ಕೆ ತುಂಬಾ ಮನ್ನಣೆ.

ಎಷ್ಟು ತಂಪಾಗಿ ಕುಡಿಯಬೇಕು, ಯಾವುದರ ಜೊತೆ?

8ರಿಂದ 12 ಡಿಗ್ರಿ. ಫ್ರಿಜ್‌ನಿಂದ ತೆಗೆದ ತಕ್ಷಣ ಸುರಿದರೆ ಘಮ ಮುದುಡಿಕೊಂಡಿರುತ್ತದೆ, ಕಹಿ ಮಾತ್ರ ಎದ್ದು ಕಾಣುತ್ತದೆ. ಲೋಟದಲ್ಲಿ ಹತ್ತು ನಿಮಿಷ ಬಿಟ್ಟು ಮತ್ತೆ ಮೂಸಿ. ಮೊದಲು ಗುಲಾಬಿ ಬರುತ್ತದೆ, ಶುಂಠಿ ಲವಂಗ ಆಮೇಲೆ. 14 ಡಿಗ್ರಿ ದಾಟಿದರೆ ಆಲ್ಕೋಹಾಲ್ ಮೂಗಿಗೆ ಹೊಡೆಯಲು ಶುರುವಾಗುತ್ತದೆ.

ಅಲ್ಸೇಸಿನವರು ಮ್ಯೂನ್ಸ್ಟರ್ ಅನ್ನುವ ಗಬ್ಬು ವಾಸನೆಯ ಚೀಸ್ ಜೊತೆ ಕುಡಿಯುತ್ತಾರೆ, ವಾಸನೆಗೆ ವಾಸನೆಯೇ ಮದ್ದು. ಮಸಾಲೆ ಇರುವ ಅಡುಗೆಗೆಲ್ಲ ಗೆವುರ್ಟ್ಸ್ ಅಂತ ಪುಸ್ತಕಗಳಲ್ಲಿ ಕಣ್ಣು ಮುಚ್ಚಿ ಬರೆದಿರುತ್ತಾರೆ. ಶುಂಠಿ, ಚಕ್ಕೆ ಥರದ ಮಸಾಲೆಗೆ ಹೌದು. ಖಾರ ಜಾಸ್ತಿ ಇದ್ದರೆ ಆಲ್ಕೋಹಾಲ್ ಆ ಉರಿಯನ್ನು ಹೆಚ್ಚಿಸುತ್ತದೆ. ಅಲ್ಲಿ 13ಕ್ಕಿಂತ ಕಡಿಮೆ ಇರುವ, ಸಿಹಿ ಇರುವ ಬಾಟಲಿ ಆರಿಸಿ.

ಎಷ್ಟು ವರ್ಷ ಇಡಬಹುದು?

ಸಾಮಾನ್ಯ ಬಾಟಲಿಯಾದರೆ ಮೂರರಿಂದ ಐದು ವರ್ಷದೊಳಗೆ ಕುಡಿದುಬಿಡಿ. ಹುಳಿ ಕಡಿಮೆ ಇರುವುದರಿಂದ ಬೇಗ ಸುಸ್ತಾಗುತ್ತದೆ. ಒಳ್ಳೆಯ ಗ್ರಾಂ ಕ್ರೂ ಹತ್ತು ವರ್ಷ ದಾಟುತ್ತದೆ. ಬೂಷ್ಟಿನ ಸಿಹಿ ವೈನ್‌ಗಳು ದಶಕಗಟ್ಟಲೆ ಇರುತ್ತವೆ. ತೆರೆದ ಬಾಟಲಿಯಾದರೆ ಮುಚ್ಚಿ ಫ್ರಿಜ್‌ನಲ್ಲಿಟ್ಟು ಎರಡು ಮೂರು ದಿನದಲ್ಲಿ ಮುಗಿಸಿ.

ಮೊದಲ ಸಲ ಕೊಳ್ಳುತ್ತಿದ್ದೇನೆ, ಯಾವುದು ತೆಗೆದುಕೊಳ್ಳಲಿ?

ಸಾಧ್ಯವಾದರೆ ಎರಡು ತನ್ನಿ. ಒಂದು ಅಲ್ಸೇಸಿನದು, ಲೇಬಲ್ ಮೇಲೆ ಮೊಯಲೋ ಅಂತ ಇರುವುದು. ಇನ್ನೊಂದು ದಕ್ಷಿಣ ಟಿರೋಲ್‌ನ ಡ್ರೈ. ಪಕ್ಕಪಕ್ಕ ಸುರಿದು ಮೊದಲು ಮೂಸಿ, ಆಮೇಲೆ ಕುಡಿಯಿರಿ, ಡ್ರೈ ಇರುವುದನ್ನೇ ಮೊದಲು. ಒಂದೇ ತರಲು ಆಗುವುದಾದರೆ, ರೀಸ್ಲಿಂಗ್ ಥರದ ಹುಳಿ ವೈನ್ ಇಷ್ಟಪಡುವವರು ಟಿರೋಲ್‌ನದ್ದು ತನ್ನಿ, ಊಟ ಆದ ಮೇಲೆ ಸಿಹಿಯಾಗಿ ಏನಾದರೂ ಬೇಕು ಅನ್ನುವವರು ಅಲ್ಸೇಸಿನದು.